ಮಂಚ ನಂಬರ್ ಮೂರು

ಕಳೆದ ಸೋಮವಾರ ನಮ್ಮ ಮನೆಗೆ ಸುಣ್ಣ ಬಳಿಯಲು ಬಂದವರು ನನ್ನ ಮಂಚವನ್ನು ಗೋಡೆಯಿಂದ ಮೂರಡಿ ಈಚೆಗೆ ಸರಿಸಿದರು. ಸುಣ್ಣ ಒಣಗಿದ ಮೇಲೆ ಅದು ಸ್ವಸ್ಥಾನಕ್ಕೆ ಮರಳಬೇಕಾಗಿತ್ತು. ಅಷ್ಟರಲ್ಲಿ, ತೆರವಾದ ಆ ಮೂಲೆಗೆ ಕಿಟಕಿಯ ಬೆಳಕು ಧಾರಾಳವಾಗಿ ಬೀಳುತ್ತದೆಂಬುದು ನನ್ನ ಹೆಂಡತಿಯ ಗಮನಕ್ಕೆ ಬಂದು, ಅವಳು ರವಿಕೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು ಅಲ್ಲಿ ಪ್ರತಿಷ್ಠಾಪನೆಗೊಂಡಿತು. ಮಂಚ ಈಚೆಗೇ ಉಳಿಯಿತು. ಮೂರಡಿ ತಾನೆ ಎಂದು ನಾನೂ ಸುಮ್ಮನಾದೆ. ಬಲಿ ಚಕ್ರವರ್ತಿಯೂ ಮೂರು ಹೆಜ್ಜೆ ತಾನೆ ಎಂದುಕೊಂಡೇ ಧಾರೆ ಎರೆದದ್ದು. ನಾಲ್ಕು ದಿನದಿಂದ ನನಗೆ ನಿದ್ರೆಯಿಲ್ಲ.

ಇದನ್ನು ಒಪ್ಪಿಕೊಳ್ಳಲು ನನಗೆ ಸಂಕೋಚವಾಗುವುದಕ್ಕೆ ಕಾರಣವಿದೆ. ನಾನು ಓದಿದ್ದು ಗಂಟೆ ಹೊಡೆದರೆ ಎದ್ದು, ಗಂಟೆ ಹೊಡೆದರೆ ಉಂಡು, ಗಂಟೆ ಹೊಡೆದರೆ ಕಣ್ಣು ಮುಚ್ಚುವ ವಿದ್ಯಾರ್ಥಿ ನಿಲಯದಲ್ಲಿ. ಅಲ್ಲಿಂದ ಹೊರಬಿದ್ದು ಎಷ್ಟೋ ದಶಕಗಳು ಕಳೆದರೂ ಆ ಗಂಟೆ ನನ್ನೊಳಗೆ ಎಲ್ಲೋ ನೇತಾಡುತ್ತಲೇ ಇದೆ. ರಾತ್ರಿ ಒಂಬತ್ತೂಕಾಲಿಗೆ ಎಡಮಗ್ಗುಲಾಗುತ್ತೇನೆ. ಮಧ್ಯಾಹ್ನ ಒಂದು ಹತ್ತರಿಂದ ಒಂದು ಮೂವತ್ತೈದರವರೆಗೆ ಬಲಮಗ್ಗುಲು. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ತವರಿಗೆ ಬರೆದ ಮೊದಲ ಕಾಗದದಲ್ಲಿ, ಈ ಮನೆಯಲ್ಲಿ ಗಡಿಯಾರಕ್ಕೆ ಕೀಲಿ ಕೊಡುವ ಅಗತ್ಯವಿಲ್ಲ, ಇವರನ್ನು ನೋಡಿದರೆ ವೇಳೆ ತಿಳಿಯುತ್ತದೆ ಎಂದು ಬರೆದಿದ್ದಳಂತೆ. ನಾನು ಅದನ್ನು ಪ್ರಶಂಸೆಯೆಂದೇ ಬಹಳ ವರ್ಷ ಭಾವಿಸಿದ್ದೆ. ನಿದ್ರೆಯೆಂಬುದು ಶಿಸ್ತಿನ ಫಲ, ಶಿಸ್ತುಳ್ಳವನು ಕಲ್ಲುಚಪ್ಪಡಿಯ ಮೇಲೂ ನಿದ್ರಿಸಬಲ್ಲ ಎಂದು ಒಂದು ಕಾಲದಲ್ಲಿ ಲಾರಿ ಡ್ರೈವರುಗಳ ಒಂದು ಪಡೆಗೇ ಪಾಠ ಹೇಳಿದವನು ನಾನು. ಆ ಪಾಠದ ದೆಸೆಯಿಂದ ಒಂದು ಸಂಸಾರ ಶುರುವಾಗುವ ಮೊದಲೇ ಮುರಿಯುವುದರಲ್ಲಿತ್ತು. ಮೂರಡಿ ಈಚೆಯ ಮಂಚದಲ್ಲಿ ಹೊರಳಾಡುತ್ತಿದ್ದಾಗ ಅದೆಲ್ಲ ನೆನಪಾಯಿತು. ನಿಮಗೆ ಬಿಡುವಿದ್ದರೆ ಹೇಳುತ್ತೇನೆ. ನಡುವೆ ಆಕಳಿಕೆ ಬಂದರೆ ಸಂಕೋಚ ಬೇಡ, ವಿಷಯವೇ ಅಂಥದ್ದು.

ಅರವತ್ತರ ದಶಕದ ಆರಂಭದಲ್ಲಿ ನಾನು ಸಾಗರದ ಒಂದು ಲಾರಿ ಬುಕಿಂಗ್ ಆಫೀಸಿನಲ್ಲಿ ರೈಟರಾಗಿದ್ದೆ. ರೈಟರೆಂದರೆ ನಮ್ಮ ಕಡೆ ಗುಮಾಸ್ತ. ಸಾಹಿತಿಯೆಂದು ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುತ್ತಿದ್ದ ಕಾಲವದು. ಸಿಮೆಂಟು ಹೊತ್ತ ಲಾರಿಗಳು ಬರುತ್ತಿದ್ದವು, ಅಡಿಕೆ ಹೊತ್ತವು ಹೋಗುತ್ತಿದ್ದವು, ಕುಂದಾಪುರದ ಕಡೆಯಿಂದ ಹೆಂಚು ಹೇರಿಕೊಂಡು ಘಾಟಿ ಹತ್ತಿದವು ನಗರ, ಹೊಸನಗರ ಎಂಬ ಊರುಗಳನ್ನು ಹಾದು ನಮ್ಮ ಷೆಡ್ಡಿನ ಮುಂದೆ ಬಂದು ಉಸ್ಸೆಂದು ನಿಲ್ಲುತ್ತಿದ್ದವು. ರಾತ್ರಿಯೆಲ್ಲ ಓಡಿಸಿದ ಡ್ರೈವರು ಬೆಳಗ್ಗೆ ಎಂಟರ ಸುಮಾರಿಗೆ ಕೆಳಗಿಳಿದು, ಚಾ ಕುಡಿದು, ಎಲ್ಲಿ ಸಿಕ್ಕಿತೋ ಅಲ್ಲಿ ಬಿದ್ದುಕೊಳ್ಳುತ್ತಿದ್ದ. ಆ ‘ಎಲ್ಲಿ ಸಿಕ್ಕಿತೋ ಅಲ್ಲಿ’ ಎಂಬುದರ ವೈವಿಧ್ಯವನ್ನು ಕಂಡವರಿಗೆ ಮನುಷ್ಯಜಾತಿಯ ಬಗ್ಗೆ ಗೌರವ ಹುಟ್ಟಬೇಕು. ನನಗೆ ತಲೆನೋವು ಹುಟ್ಟುತ್ತಿತ್ತು.

ಒಬ್ಬ ಅಡಿಕೆ ಮೂಟೆಗಳ ಮೇಲೆಯೇ ಅಂಗಿ ಕಳಚಿ ಮಲಗುತ್ತಿದ್ದ. ಅವನು ಎದ್ದಾಗ ಬೆನ್ನ ಮೇಲೆ ಮೂಡಿದ ಅಚ್ಚು ನೋಡಿ, ಮೂಟೆಯಲ್ಲಿರುವುದು ಇಡಿ ಅಡಿಕೆಯೋ ಹೋಳಾದದ್ದೋ ಎಂದು ಹೇಳಬಹುದಾಗಿತ್ತು. ಇನ್ನೊಬ್ಬ ಕ್ಯಾಬಿನ್ನಿನ ಸೀಟಿನಲ್ಲಿ ಮಲಗಿ, ಹಿಡಿಸದ ಕಾಲುಗಳನ್ನು ಬಾಗಿಲಿನಿಂದ ಹೊರಗೆ ಚಾಚುತ್ತಿದ್ದ. ಪೇಟೆಯ ದನವೊಂದು ಬಂದು ಅಂಗಾಲು ನೆಕ್ಕಿದರೆ ನಿದ್ರೆಯಲ್ಲೇ ಮದುಮಗನಂತೆ ನಗುತ್ತಿದ್ದ. ತೀರ್ಥಹಳ್ಳಿಯ ಓಡಾಟದವನೊಬ್ಬ, ಹಗಲಲ್ಲಿ ಖಾಲಿಯಿರುವ ಟೂರಿಂಗ್ ಟಾಕೀಸಿನ ಡೇರೆಯಷ್ಟು ತಂಪಾದ ಜಾಗ ಮೂರು ತಾಲ್ಲೂಕಿನಲ್ಲಿ ಇಲ್ಲವೆಂದು ಕಂಡುಹಿಡಿದು, ನೆಲದ ತರಗತಿಯ ಮರಳಿನಲ್ಲಿ ಹಾಯಾಗಿ ಒರಗುತ್ತಿದ್ದ. ಒಂದು ದಿನ ಸಂಜೆಯ ಆಟ ಶುರುವಾದರೂ ಅವನಿಗೆ ಎಚ್ಚರವಾಗಲಿಲ್ಲ. ಕಣ್ಣು ಬಿಟ್ಟಾಗ ಪರದೆಯ ಮೇಲೊಬ್ಬ ರಾಕ್ಷಸ ಗದೆಯೆತ್ತಿ ಇವನ ಕಡೆಗೇ ಬರುತ್ತಿದ್ದನಂತೆ. ಡೇರೆಯ ಬಟ್ಟೆ ಹರಿದುಕೊಂಡು ಓಡಿದವನನ್ನು ಟಾಕೀಸಿನವರು ಟಿಕೆಟ್ಟಿಲ್ಲದೆ ಆಟ ನೋಡಿದೆಯೆಂದು ಹಿಡಿದರೆ, ಇವನು ತಾನು ನೋಡಿದ್ದು ಒಂದೇ ರಾಕ್ಷಸನನ್ನು, ಅದೂ ತನಗೆ ಇಷ್ಟವಿಲ್ಲದೆ ಎಂದು ವಾದಿಸಿದ.

ಹೀಗಿರುವಾಗ ನಮ್ಮ ಡ್ರೈವರೊಬ್ಬ ಹಾಡುಹಗಲಲ್ಲಿ ತೂಕಡಿಸಿ ಲಾರಿಯನ್ನು ಗದ್ದೆಗೆ ಇಳಿಸಿದ. ಯಾರಿಗೂ ಏನೂ ಆಗಲಿಲ್ಲ. ಆದರೆ ಜನ ಓಡಿಹೋಗಿ ನೋಡುವಾಗ ಅವನು ಎದುರಿಗಿದ್ದ ಬೆದರುಬೊಂಬೆಗೆ ಹಾರ್ನ್ ಹೊಡೆಯುತ್ತ, ಸೈಡು ಬಿಡು ಮಾರಾಯ ಎಂದು ಅಂಗಲಾಚುತ್ತಿದ್ದನಂತೆ. ಲಾರಿಗಳ ಮಾಲೀಕರಾದ ನಮ್ಮ ಸಾಹುಕಾರರು ನನ್ನನ್ನು ಕರೆದು, ಡ್ರೈವರುಗಳ ನಿದ್ರೆ ಇನ್ನು ಮುಂದೆ ನನ್ನ ಜವಾಬ್ದಾರಿಯೆಂದು ಹೇಳಿಬಿಟ್ಟರು.

ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಇಡೀ ಆಯುಷ್ಯ ನಾನು ಈ ಹುದ್ದೆಗಾಗಿಯೇ ತಯಾರಾಗಿದ್ದೆನೆಂದು ಅನ್ನಿಸಿತು. ಒಂದು ವಾರದಲ್ಲಿ ಆರು ಮಂಚಗಳನ್ನು ಮಾಡಿಸಿ, ಷೆಡ್ಡಿನಲ್ಲಿ ತಲೆ ಪೂರ್ವಕ್ಕೆ ಬರುವಂತೆ ಸಾಲಾಗಿ ಇಡಿಸಿ, ಒಂದೊಂದರ ಕಾಲಿಗೂ ಬಿಳಿ ಬಣ್ಣದಲ್ಲಿ ನಂಬರು ಬರೆಸಿದೆ. ಹಳೆಯ ಕಬ್ಬಿಣದ ಪಟ್ಟಿಯೊಂದನ್ನು ಗಂಟೆಯಾಗಿ ತೂಗುಹಾಕಿದೆ. ಎಲ್ಲಕ್ಕಿಂತ ಮಿಗಿಲಾಗಿ ಒಂದು ನಿದ್ರಾ ರಿಜಿಸ್ಟರನ್ನು ತೆರೆದೆ. ಹೆಸರು, ಲಾರಿ ನಂಬರು, ಮಲಗಿದ ವೇಳೆ, ಎದ್ದ ವೇಳೆ, ಮಂಚದ ನಂಬರು, ರುಜು. ಮಲಗುವ ಮೊದಲು ರುಜು ಹಾಕಲು ಮರೆತವರನ್ನು ನಾನು ಹೋಗಿ ಅಲುಗಾಡಿಸಿ ಎಬ್ಬಿಸಿ, ತಾನು ನಿದ್ರಿಸುತ್ತಿದ್ದೇನೆಂದು ರುಜು ಹಾಕಿಸಿಕೊಂಡು ಮತ್ತೆ ಮಲಗಿಸುತ್ತಿದ್ದೆ.

“ಎಂತ ರೈಟ್ರೇ, ನಿದ್ದೆ ಬಂದಿದೆ ಅಂತ ಬರೆಯಕ್ಕೆ ನಿದ್ದೆ ಬಿಡ್ಬೇಕಾ?” ಎಂದು ಒಬ್ಬ ಕೇಳಿದ. ನಿಯಮ ನಿಯಮವೇ ಎಂದೆ. ಮರುದಿನ ಅವನು ಹೆಬ್ಬೆಟ್ಟಿಗೆ ಮಸಿ ಬಳಿದುಕೊಂಡು, ಆ ಕೈಯೊಂದನ್ನು ಚಾದರದ ಹೊರಗೆ ಚಾಚಿ, ಬೇಕಾದಷ್ಟು ಸಲ ಒತ್ತಿಕೊಳ್ಳಿ, ನನ್ನನ್ನು ಮಾತ್ರ ಎಬ್ಬಿಸಬೇಡಿ ಎಂದು ಹೇಳಿ ಮಲಗಿದ.

ಎರಡು ವಾರ ಕಳೆಯುವುದರೊಳಗೆ ಮಂಚಗಳ ಮೇಲೆ ಯಾರೂ ಮಲಗದಂತಾಯಿತು. ತಾಡಪಾಲು, ಹಗ್ಗ, ಒದ್ದೆ ಅಂಗಿಗಳು ಅವುಗಳ ಮೇಲೆ ಸುಖವಾಗಿ ವಿಶ್ರಮಿಸತೊಡಗಿದವು. ಪಕ್ಕದ ಹೋಟೆಲಿನವರು ಮೆಣಸಿನಕಾಯಿ ಒಣಗಿಸಲು ಒಂದನ್ನು ಕೇಳಿ ಪಡೆದರು. ಡ್ರೈವರುಗಳು ಯಥಾಪ್ರಕಾರ ಮೂಟೆ, ಸೀಟು, ಮರದ ಬುಡಗಳನ್ನು ಸೇರಿದರು. ರಿಜಿಸ್ಟರ್ ಮಾತ್ರ ಚ್ಯುತಿಯಿಲ್ಲದೆ ನಡೆಯಿತು. ಅದಕ್ಕೆ ನಾನಿದ್ದೆನಲ್ಲ.

ನನ್ನ ಮಂಚಕ್ಕೆ ಒಂದು ದಿನವೂ ಬೆನ್ನು ತಾಗಿಸದವರಲ್ಲಿ ಅಗ್ರಗಣ್ಯ ಚೌಡಪ್ಪ. ಸಾಗರದ ಹತ್ತಿರದ ಹಳ್ಳಿಯವನು, ಇಪ್ಪತ್ತೈದು ದಾಟಿದ ಗಟ್ಟಿಮುಟ್ಟಾದ ಆಳು, ಮಾತು ಕಡಿಮೆ. ಲಾರಿಯ ಮೇಲೆ ಒಂದು ಗೀರು ಬಿದ್ದರೂ ಊಟ ಬಿಡುವಂಥವನು. ಅವನು ಮಲಗುತ್ತಿದ್ದುದು ಲಾರಿಯ ಕೆಳಗೆ, ಹಿಂದಿನ ಚಕ್ರಗಳ ಮುಂದೆ, ಎರಡು ಗೋಣಿತಾಟು ಹಾಸಿಕೊಂಡು. ಮೂಗಿನಿಂದ ಒಂದೂವರೆ ಅಡಿ ಮೇಲೆ ಲಾರಿಯ ಹೊಟ್ಟೆ. ಅದರಿಂದ ಆಗಾಗ ಒಂದು ತೊಟ್ಟು ಎಣ್ಣೆ ಹಣೆಯ ಮೇಲೆ ಬೀಳುತ್ತಿತ್ತು. ದೇವಸ್ಥಾನದಲ್ಲಿ ತೀರ್ಥ ತೆಗೆದುಕೊಂಡವನಂತೆ ಅದನ್ನು ತಲೆಗೆ ಸವರಿಕೊಂಡು ನಿದ್ರೆ ಮುಂದುವರಿಸುತ್ತಿದ್ದ. ನಾನು ಒಂದು ಸಲ ಬಗ್ಗಿ ಕೂತು ಶಿಸ್ತಿನ ಬಗ್ಗೆ ಉಪನ್ಯಾಸ ಮಾಡಿದಾಗ ಅವನು ಅಲ್ಲಿಂದಲೇ ಉತ್ತರಿಸಿದ.

“ತಲೆ ಮ್ಯಾಲಿನ ಮಾಡು ಅಷ್ಟೆತ್ರ ಇದ್ರೆ ಬಯಲಲ್ಲಿ ಮಲಗ್ದಂಗೆ ಆಗ್ತದೆ ರೈಟ್ರೇ. ಇಲ್ಲಾದ್ರೆ ಲೋಡು ನನ್ನ ಎದೆ ಮ್ಯಾಲೇ ಇರ್ತದೆ. ಯಾರಾದ್ರೂ ಮುಟ್ಟಿದ್ರೆ ನಂಗೆ ಗೊತ್ತಾಗ್ತದೆ. ಬೇರೆ ಯಾರು ಕಾಯ್ತಾರೆ ಹೇಳಿ?”

ನನ್ನ ರಿಜಿಸ್ಟರಿನಲ್ಲಿ ‘ಲಾರಿಯ ಕೆಳಗೆ’ ಎಂಬ ಕಾಲಂ ಇರಲಿಲ್ಲ. ಕಾಲಂ ಇಲ್ಲದ್ದನ್ನು ಬರೆಯುವುದು ನನ್ನ ಸ್ವಭಾವವಲ್ಲ. ಇದ್ದ ಕಾಲಮ್ಮನ್ನು ಖಾಲಿ ಬಿಡುವುದಂತೂ ನನಗೆ ಪ್ರಾಣಸಂಕಟ. ಚೌಡಪ್ಪನ ಹೆಸರಿಗೆ ನಾನು ಹಂಚಿದ್ದು ಮೂರನೆಯ ಮಂಚ. ಆದ್ದರಿಂದ ಪ್ರತಿದಿನವೂ ಅವನ ಹೆಸರಿನ ಮುಂದೆ, ಮುತ್ತಿನಂಥ ಅಕ್ಷರದಲ್ಲಿ, ಮೂರು ಎಂದು ಬರೆದೆ. ಅದು ಸುಳ್ಳೆಂದು ನನಗೆ ಆಗ ಹೊಳೆದಿರಲಿಲ್ಲ. ಅಷ್ಟು ಅಚ್ಚುಕಟ್ಟಾಗಿ ಬರೆದದ್ದು ಸುಳ್ಳಾಗುವುದು ಹೇಗೆ?

ಎಂಟು ತಿಂಗಳಾದ ಮೇಲೆ ಒಂದು ಬೆಳಗ್ಗೆ, ಬಿಳಿ ಪಂಚೆಯುಟ್ಟು ಕೊಡೆ ಹಿಡಿದ ಹಿರಿಯರೊಬ್ಬರು ಆಫೀಸಿಗೆ ಬಂದರು. ಹೆಸರು ಬೀರಪ್ಪ ನಾಯ್ಕರು, ಹೊಸನಗರ ದಾಟಿ ನಗರಕ್ಕೆ ಹೋಗುವ ರಸ್ತೆಯ ಪಕ್ಕದಲ್ಲೇ ಮನೆ. ಮಗಳು ಪಾರ್ವತಿಗೆ ಚೌಡಪ್ಪನನ್ನು ನೋಡಿದ್ದಾರೆ, ಜಾತಕ ಕೂಡಿದೆ, ಮನಸ್ಸೊಂದು ಕೂಡಬೇಕು. ಲಾರಿ ಡ್ರೈವರೆಂದರೆ ಹೆಣ್ಣು ಕೊಡುವವರು ಎರಡು ಸಲ ಯೋಚಿಸುತ್ತಿದ್ದ ಕಾಲ. ಊಟ, ಚಟ, ಸಂಬಂಧಿಕರು ಯಾವುದನ್ನೂ ಅವರು ಕೇಳಲಿಲ್ಲ. ದನಿ ತಗ್ಗಿಸಿ ಒಂದೇ ಮಾತು ಕೇಳಿದರು.

“ಎಲ್ಲಿ ಮಲಗ್ತಾನೆ ರೈಟ್ರೇ? ಅದೊಂದು ಹೇಳಿ, ಸಾಕು.”

ತಂದೆಯೊಬ್ಬನ ಆ ಪ್ರಶ್ನೆಗೆ ಇಷ್ಟು ಸಿದ್ಧವಾಗಿ ಕೂತ ಗುಮಾಸ್ತ ಭೂಮಂಡಲದಲ್ಲಿ ಇನ್ನೊಬ್ಬನಿರಲಾರ. ನಾನು ರಿಜಿಸ್ಟರನ್ನು ತೆಗೆದು ಅವರ ಮುಂದೆ ಬಿಡಿಸಿಟ್ಟೆ. ಎಂಟು ತಿಂಗಳು, ಪುಟದ ಮೇಲೆ ಪುಟ, ಮಂಚ ನಂಬರ್ ಮೂರು. ಒಂದು ದಿನವೂ ನಾಲ್ಕಕ್ಕೆ ಹೋದದ್ದಿಲ್ಲ. ನಾಯ್ಕರು ಆ ಮೂರರ ಸಾಲುಗಳ ಮೇಲೆ ಬೆರಳಾಡಿಸುತ್ತ ಹೋದರು, ಕಣ್ಣು ಒದ್ದೆಯಾಯಿತು. ಮರುತಿಂಗಳು ಮದುವೆಯಾಯಿತು. ಊಟದ ಪಂಕ್ತಿಯಲ್ಲಿ ನನ್ನ ಎಲೆಗೆ ಎರಡು ಕಜ್ಜಾಯ ಹೆಚ್ಚು ಬಿತ್ತು.

ಮದುವೆಯ ಮರುವಾರ ಅಳಿಯನನ್ನು ಕರೆದು ಔತಣ ಮಾಡಿ, ಮಗಳನ್ನು ಅವನ ಜೊತೆಗೆ ಕಳಿಸಿಕೊಡುವುದು ಆ ಮನೆಯ ಪದ್ಧತಿ. ಕುಂದಾಪುರದಿಂದ ಹೆಂಚು ಹೇರಿಕೊಂಡು ಬರುವ ದಾರಿಯಲ್ಲೇ ಮಾವನ ಮನೆಯಾದ್ದರಿಂದ ಚೌಡಪ್ಪ ಲಾರಿಯನ್ನು ಮನೆಯೆದುರಿಗೆ ನಿಲ್ಲಿಸಿ ಒಳಗೆ ಹೋದ. ಕಡುಬು, ಕೋಳಿಸಾರು, ಕಜ್ಜಾಯ ಎಲ್ಲ ಆಯಿತು. ಆ ಕೇರಿಯಲ್ಲಿ ಅಡಿಗೆಯ ಪರೀಕ್ಷೆ ನಡೆಯುವುದು ಊಟವಾದ ಮೇಲೆ. ಹೊಸ ಅಳಿಯ ಉಂಡು ಮಲಗಿ ಒಂದು ಗೊರಕೆ ಹೊಡೆದರೆ ಅಡಿಗೆ ಗೆದ್ದಂತೆ. ನೆರೆಮನೆಯ ಹೆಂಗಸರು ಅಡಿಗೆಮನೆಯಲ್ಲಿ ಎಲೆ ಅಡಿಕೆ ಮೆಲ್ಲುತ್ತ ಆ ಗೊರಕೆಗಾಗಿ ಕಿವಿಗೊಟ್ಟು ಕೂರುತ್ತಾರೆ. ಕೇಳಿಸಿದೊಡನೆ ನಕ್ಕು, ಸೆರಗು ಕೊಡವಿ ಎದ್ದು ಹೋಗುತ್ತಾರೆ. ಚೌಡಪ್ಪನ ಅತ್ತೆ ಗೌರಮ್ಮ ಇದಕ್ಕಾಗಿ ಬೂರುಗದ ಹತ್ತಿಯನ್ನು ತಿಂಗಳುಗಟ್ಟಲೆ ಕೂತು ಬೀಜ ಬಿಡಿಸಿ, ಒಂದು ಹೊಸ ಹಾಸಿಗೆಯನ್ನೇ ತುಂಬಿಸಿದ್ದರು. ಒಳಗಿನ ಕೋಣೆಯಲ್ಲಿ ಹಾಸಿದ ಅದರ ಮೇಲೆ ಅಳಿಯನನ್ನು ಮಲಗಿಸಿ ಬಾಗಿಲು ಮುಂದೆಳೆದರು. ಹೆಂಗಸರು ಕಿವಿಗೊಟ್ಟರು. ಅರ್ಧ ಗಂಟೆಯಾಯಿತು. ಸದ್ದಿಲ್ಲ. ಗೌರಮ್ಮ ಮೆಲ್ಲನೆ ಬಾಗಿಲು ತಳ್ಳಿ ನೋಡಿದರೆ ಹಾಸಿಗೆಯ ಮೇಲೆ ಹಾಸಿಗೆ ಮಾತ್ರ ಇತ್ತು.

ಮೊದಲು ಹಿತ್ತಲು ಹುಡುಕಿದರು, ಆಮೇಲೆ ಕೊಟ್ಟಿಗೆ. ಹಿತ್ತಲ ಬಾವಿಯ ಕಟ್ಟೆಯ ಮೇಲೆ ಅಳಿಯನ ಹೆಗಲ ಹೊಸ ವಲ್ಲಿ ಕಂಡಾಗ ಒಬ್ಬಳು ಅಳಲು ಶುರುಮಾಡಿದಳು. ಅವನು ಮುಖ ತೊಳೆದು ವಲ್ಲಿ ಮರೆತಿದ್ದನೆಂಬುದು ಯಾರಿಗೂ ಹೊಳೆಯಲಿಲ್ಲ. ಬಿದ್ದ ಕೊಡ ಎತ್ತುವ ಕೊಕ್ಕೆಗಳ ಗೊಂಚಲು, ಪಾತಾಳಗರಡಿ, ಅದನ್ನು ತಂದು ಬಾವಿಗೆ ಇಳಿಸಿದರು. ಅಳಿಯನನ್ನು ಪಾತಾಳಗರಡಿಯಿಂದ ಹುಡುಕಿದ ಮನೆ ಹೊಸನಗರದ ಆಸುಪಾಸಿನಲ್ಲಿ ಅದೊಂದೇ ಇರಬೇಕು. ಮೊದಲ ಸಲ ಗೌರಮ್ಮನ ಮದುವೆಯ ತಾಮ್ರದ ಕೊಡ ಬಂತು. ಹತ್ತು ವರ್ಷದ ಹಿಂದೆ ಕಳೆದದ್ದು. ಎರಡನೆಯ ಸಲ ಒಂದು ಸೌಟು. ಆ ದುಃಖದ ನಡುವೆಯೂ ಕೊಡವನ್ನು ತಿರುಗಿಸಿ ನೋಡಿ, ಒಂದು ತಗ್ಗೂ ಬಿದ್ದಿಲ್ಲವೆಂದು ಎಲ್ಲರೂ ಕ್ಷಣಕಾಲ ಸಮಾಧಾನಪಟ್ಟರಂತೆ. ಅಷ್ಟರಲ್ಲಿ ರಸ್ತೆಯ ಕಡೆಯಿಂದ ನೆರೆಯವನೊಬ್ಬ ಕೂಗಿ ಹೇಳಿದ.

“ನಾಯ್ಕರೇ, ಗರಡಿ ಎತ್ತಿ. ನಿಮ್ಮಳಿಯ ಇಲ್ಲಿ ಲಾರಿ ಅಡೀಲಿ ಅದಾರೆ. ಗೊರಕೆಗೆ ಹೆಂಚು ಅಲ್ಲಾಡ್ತಿದಾವೆ.”

ಚೌಡಪ್ಪ ಎದ್ದು ಹಣೆಯ ಎಣ್ಣೆ ಒರೆಸಿಕೊಳ್ಳುವಾಗ ಎದುರಿಗೆ ಅರ್ಧ ಊರು ನಿಂತಿತ್ತು. ಗೌರಮ್ಮನಿಗೆ ಆದ ಅವಮಾನವನ್ನು ನೀವೇ ಊಹಿಸಿ. ಎಬ್ಬಿಸದಿದ್ದರೆ ಸಂಜೆಯವರೆಗೂ ಮಲಗುವಂಥ ಆಳು, ಅವರ ಹಾಸಿಗೆಯನ್ನು ಬಿಟ್ಟು ಧೂಳಿನಲ್ಲಿ ಮಲಗಿದ್ದ. ಅವರು ಕೂಗಾಡಲಿಲ್ಲ. “ಆ ಹಾಸಿಗೆ ಮ್ಯಾಲೆ ಅಳಿಯ ಒಂದು ನಿದ್ದೆ ತೆಗೆದು ಗೊರಕೆ ಹೊಡೀಲಿ. ಆಮ್ಯಾಲೆ ಮಗಳನ್ನ ಕಳಿಸ್ತೀನಿ,” ಎಂದಷ್ಟೇ ಹೇಳಿ ಒಳಗೆ ಹೋದರು. ಪಾರ್ವತಿಯ ಕಬ್ಬಿಣದ ಪೆಟ್ಟಿಗೆ ಲಾರಿಯಿಂದ ಕೆಳಗಿಳಿಯಿತು. ಚೌಡಪ್ಪ ಒಬ್ಬನೇ ಸಾಗರಕ್ಕೆ ಬಂದ.

ಅವನ ಹಿಂದೆಯೇ ಬಸ್ಸಿನಲ್ಲಿ ಬೀರಪ್ಪ ನಾಯ್ಕರು ಬಂದರು. ನನಗೆ ನಮಸ್ಕಾರವನ್ನೂ ಹೇಳದೆ ನೇರವಾಗಿ ಷೆಡ್ಡಿಗೆ ಹೋಗಿ, ಮಂಚದ ಕಾಲುಗಳ ನಂಬರುಗಳನ್ನು ಬಗ್ಗಿ ಬಗ್ಗಿ ಓದಿದರು. ಮೂರನೆಯದರ ಮುಂದೆ ಬಹಳ ಹೊತ್ತು ನಿಂತರು.

“ರೈಟ್ರೇ,” ಎಂದರು ಕೊನೆಗೆ, “ಇಲ್ಲಿ ಮೆಣಸಿನಕಾಯಿ ಮಲಗ್ಯದೆ. ರುಜು ಹಾಕಿದ್ಯಾ ಇದು?”

ಇಂದಿಗೂ ಒಗ್ಗರಣೆಗೆ ಮೆಣಸಿನಕಾಯಿ ಬಿದ್ದು ಘಾಟು ಎದ್ದರೆ ನನಗೆ ಬರುವ ಕೆಮ್ಮಿನಲ್ಲಿ ಸ್ವಲ್ಪ ಭಾಗ ನಾಚಿಕೆಯದು. ಹುಣ್ಣಿಮೆಗೆ ಹದಿಮೂರು ದಿನವಿತ್ತು. ಹೊಸ ಮದುವಣಗಿತ್ತಿ ಅಷ್ಟರೊಳಗೆ ಗಂಡನ ಮನೆ ಸೇರದಿದ್ದರೆ ಊರು ಅದಕ್ಕೊಂದು ಕಥೆ ಕಟ್ಟುತ್ತದೆ, ಕಟ್ಟಿದ ಕಥೆ ಬಿಚ್ಚುವುದಿಲ್ಲ ಎಂದು ನಾಯ್ಕರು ಹೇಳಿದರು. ಹುಣ್ಣಿಮೆಯ ದಿನ ಅಳಿಯನನ್ನು ಕರೆತಂದು ಆ ಹಾಸಿಗೆಯ ಮೇಲೆಯೇ ಗೊರಕೆ ಹೊಡೆಸುತ್ತೇನೆಂದು ನಾನು ಮಾತು ಕೊಟ್ಟೆ. ಶಿಸ್ತಿನಿಂದ ಸಾಧ್ಯವಾಗದ್ದಿಲ್ಲವೆಂಬ ನಂಬಿಕೆ ಇನ್ನೂ ಪೂರ್ತಿ ಹೋಗಿರಲಿಲ್ಲ.

ಮರುದಿನದಿಂದ ಲಾರಿ ಷೆಡ್ಡು ಗುರುಕುಲವಾಯಿತು. ಮೂರನೆಯ ಮಂಚದಿಂದ ಮೆಣಸಿನಕಾಯಿಯನ್ನು ತೆರವು ಮಾಡಿಸಿದೆ. ಮೊದಲ ಪಾಠದಲ್ಲಿ ಶಿಷ್ಯ ಬರಿಯ ಸೀನುತ್ತಿದ್ದ. ಡೀಸೆಲ್ಲಿನ ವಾಸನೆ ಇದ್ದರೆ ನಿದ್ರೆ ಹತ್ತೀತೆಂದು ದಿಂಬಿನ ಬಳಿ ಡೀಸೆಲ್ಲಿನ ಬಟ್ಟೆ ಇಟ್ಟೆ. ತಲೆಯ ಮೇಲೆ ಲಾರಿಯಿದ್ದಂತೆ ತೋರಲೆಂದು ನಾಲ್ಕು ಗೂಟ ನೆಟ್ಟು, ಒಂದೂವರೆ ಅಡಿ ಎತ್ತರದಲ್ಲಿ ಕಪ್ಪು ತಾಡಪಾಲು ಕಟ್ಟಿದೆ. ಪಕ್ಕದಲ್ಲಿ ಒಂದು ಟಯರು ನಿಲ್ಲಿಸಿದೆ. ಒಂದು ತೊಟ್ಟು ಎಣ್ಣೆಯನ್ನು ನಾನೇ ಕೈಯಾರೆ ಅವನ ಹಣೆಯ ಮೇಲೆ ಬಿಟ್ಟೆ. ಮಿಕ್ಕ ಡ್ರೈವರುಗಳು, ರೈಟ್ರು ಚೌಡಪ್ಪನಿಗೆ ಎಂತದೋ ಪೂಜೆ ಕಟ್ಟಿಸಿದ್ದಾರೆಂದು ಆಡಿಕೊಂಡರು. ಬಡಪಾಯಿ ಚೌಡಪ್ಪ ಎಲ್ಲಕ್ಕೂ ಒಪ್ಪಿ, ಕಣ್ಣು ಬಿಟ್ಟುಕೊಂಡು ದಿನವೂ ಮಲಗಿದ. ಅವನ ಕಣ್ಣ ಕೆಳಗೆ ಕಪ್ಪು ಮೂಡಿತು. ಹನ್ನೆರಡನೆಯ ದಿನ ಷೆಡ್ಡಿನಿಂದ ಗೊರಕೆ ಕೇಳಿಸಿತು. ನಾನು ರಿಜಿಸ್ಟರನ್ನು ಹಿಡಿದುಕೊಂಡೇ ಓಡಿದೆ. ಮಂಚದ ಮೇಲೆ ಯಾರೂ ಇರಲಿಲ್ಲ. ಶಿಷ್ಯೋತ್ತಮ ಮಂಚದ ಕೆಳಗೆ ಮಲಗಿದ್ದ. ಮೂರನೆಯ ನಂಬರಿಗೆ ಅವನು ಅಷ್ಟು ಹತ್ತಿರ ಹಿಂದೆಂದೂ ಬಂದಿರಲಿಲ್ಲವೆಂಬುದೊಂದೇ ನನಗೆ ಉಳಿದ ಸಮಾಧಾನ. ನಾಯ್ಕರ ಮನೆಯಲ್ಲಾದರೋ ಮಂಚವೇ ಇರಲಿಲ್ಲ.

ಹುಣ್ಣಿಮೆಯ ದಿನ ಕುಂದಾಪುರದಿಂದ ಹೆಂಚು ಹೇರಿಕೊಂಡು ಮರಳುವ ಲಾರಿಯಲ್ಲಿ ಅವನ ಪಕ್ಕ ಕೂತು ಹೋದೆ. ಮಡಿಲಲ್ಲಿ ಡೀಸೆಲ್ಲಿನ ಸೀಸೆ, ಕಾಲಬಳಿ ತಾಡಪಾಲು ಮತ್ತು ನಾಲ್ಕು ಗೂಟ. ನಾಯ್ಕರ ಮನೆಯ ಮುಂದೆ ಇಳಿದಾಗ ಪಾರ್ವತಿಯೇ ಕಾಲಿಗೆ ನೀರು ತಂದಳು. ಚೌಡಪ್ಪ ತಲೆ ತಗ್ಗಿಸಿಕೊಂಡು ಮುಂದೆ ಹೋದ. ಅವಳು ನನ್ನನ್ನು ತಡೆದಳು.

“ರೈಟ್ರೇ, ಒಂದು ಕೇಳ್ಲಾ? ಅವರಿಗೆ ಬ್ಯಾಡಾದದ್ದು ಹಾಸಿಗೆಯಾ, ನಾನಾ?”

ನನ್ನ ರಿಜಿಸ್ಟರಿನ ಯಾವ ಕಾಲಮ್ಮಿನಲ್ಲೂ ಇದಕ್ಕೆ ಉತ್ತರವಿರಲಿಲ್ಲ. ಎರಡು ವಾರ ಆ ಹುಡುಗಿ ಈ ಒಂದು ಮಾತನ್ನು ಎದೆಯಲ್ಲಿಟ್ಟುಕೊಂಡು ಕೂತಿದ್ದಾಳೆ, ನಾನು ಟಯರು ನಿಲ್ಲಿಸುತ್ತ ಎಣ್ಣೆಯ ತೊಟ್ಟು ಬಿಡುತ್ತ ಕಾಲ ಕಳೆದಿದ್ದೇನೆ. ಬೇರೆ ದಾರಿ ಕಾಣದೆ ಚೌಡಪ್ಪ ನನಗೆ ಹೇಳಿದ್ದನ್ನೇ ಅವಳಿಗೆ ಒಪ್ಪಿಸಿದೆ. ಮಾಡು ಎತ್ತರವಿದ್ದರೆ ಬಯಲಿನಂತಾಗುತ್ತದೆಂದು, ಲೋಡು ಎದೆಯ ಮೇಲಿದ್ದರೆ ಧೈರ್ಯವೆಂದು, ಬೇರೆ ಯಾರು ಕಾಯುತ್ತಾರೆಂದು. ಅವಳು ತಂಬಿಗೆ ಹಿಡಿದು ಕೇಳಿಸಿಕೊಂಡಳು. ಕೊನೆಯ ಮಾತನ್ನು ಇನ್ನೊಂದು ಸಲ ಹೇಳಿಸಿಕೊಂಡಳು.

ಮತ್ತೆ ಕಡುಬು, ಮತ್ತೆ ಕೋಳಿಸಾರು. ಕೋಳಿ ಮುಟ್ಟದ ನಾನು ಕಡುಬನ್ನು ಬೆಲ್ಲದಲ್ಲೇ ಮುಗಿಸಿದೆ. ಮತ್ತೆ ಹೆಂಗಸರು ಅಡಿಗೆಮನೆಯಲ್ಲಿ ಸಾಲಾಗಿ ಕೂತರು. ಈ ಸಲ ಎರಡು ಕೇರಿ ಆಚೆಯಿಂದಲೂ ಬಂದಿದ್ದರು. ನಾನು ಕೋಣೆಯಲ್ಲಿ ತಾಡಪಾಲು ಕಟ್ಟಿ, ಡೀಸೆಲ್ ಚಿಮುಕಿಸಿ ಹೊರಗೆ ಬಂದೆ. ಕಾಲು ಗಂಟೆ, ಅರ್ಧ ಗಂಟೆ, ಮುಕ್ಕಾಲು ಗಂಟೆ. ಒಳಗಿನಿಂದ ಹೊರಳುವ ಸದ್ದು. ಆಮೇಲೆ ಚೌಡಪ್ಪ ಬಾಗಿಲು ತೆರೆದು ಬಂದು, ಪರೀಕ್ಷೆಯಲ್ಲಿ ನಪಾಸಾದವನಂತೆ ಹೊಸ್ತಿಲ ಬಳಿ ಕುಕ್ಕರಿಸಿದ.

ಪಾರ್ವತಿ ಎದ್ದು ಕೋಣೆಗೆ ಹೋದಳು. ಹಾಸಿಗೆಯನ್ನು ಸುರುಳಿ ಸುತ್ತಿ, ಹುಲ್ಲುಹೊರೆಯಂತೆ ತಲೆಯ ಮೇಲಿಟ್ಟುಕೊಂಡು, ಎಲ್ಲರ ನಡುವಿನಿಂದ ಹಾದು ಅಂಗಳಕ್ಕೆ ಇಳಿದಳು. ಎಲ್ಲಿಗೆ ಹೊತ್ತುಕೊಂಡು ಹೋಗುತ್ತಿದ್ದೀಯೆಂದು ಗೌರಮ್ಮ ಹಿಂದಿನಿಂದ ಕೇಳಿದರು.

“ಹಾಸಿಗೆ ಮ್ಯಾಲೆ ಅಂದಿದ್ದೆ ಅವ್ವ ನೀನು,” ಎಂದಳು ಅವಳು ತಿರುಗದೆ. “ಹಾಸಿಗೆ ಎಲ್ಲಿ ಅಂತ ಹೇಳಿರ್ಲಿಲ್ಲ.”

ಲಾರಿಯ ಕೆಳಗೆ ತೂರಿ, ಹಿಂದಿನ ಚಕ್ರಗಳ ಮುಂದೆ ಹಾಸಿಗೆಯನ್ನು ಬಿಡಿಸಿ ಹಾಸಿದಳು. ಹೊರಗೆ ಬಂದು ಮುಂದಿನ ಚಕ್ರಕ್ಕೆ ಬೆನ್ನು ಕೊಟ್ಟು, ನಡುರಸ್ತೆಯ ಕಡೆ ಮುಖ ಮಾಡಿ ನೆಲದ ಮೇಲೆ ಕೂತಳು. ಗಂಡನನ್ನು ಹೆಸರು ಹಿಡಿದು ಕರೆಯುವಂತಿಲ್ಲ. ಇಡೀ ಊರಿಗೆ ಕೇಳಿಸುವಂತೆ ಹೇಳಿದಳು.

“ಬನ್ನಿ, ಮಲಗಿ. ಲೋಡು ನಾ ನೋಡ್ಕೋತೀನಿ.”

ಚೌಡಪ್ಪ ಅವಳನ್ನೊಮ್ಮೆ ನೋಡಿದ. ಆಮೇಲೆ ಬಗ್ಗಿ ಒಳಗೆ ಹೋದ.

ಮುಂದಿನದಕ್ಕೆ ಅಧಿಕೃತ ಸಾಕ್ಷಿಯಾಗಬೇಕಾದವನು ನಾನು. ಅದಕ್ಕಾಗಿಯೇ ರಿಜಿಸ್ಟರನ್ನೂ ತಂದಿದ್ದೆ. ಆದರೆ ನನ್ನ ಒಂದು ಹತ್ತರ ನಿದ್ರೆ ಆ ಗಡಿಬಿಡಿಯಲ್ಲಿ ತಪ್ಪಿಹೋಗಿತ್ತು. ಜಗಲಿಯ ಕಂಬಕ್ಕೆ ಒರಗಿ, ಲೇಖನಿ ತೆರೆದು ಕಾದದ್ದಷ್ಟೇ ಗೊತ್ತು. ಕಣ್ಣು ಬಿಟ್ಟಾಗ ನಾಲ್ಕು ಗಂಟೆ. ಹೆಂಗಸರು ಆಗಲೇ ಸೆರಗು ಕೊಡವಿ ಹೋಗಿದ್ದರು, ಗೌರಮ್ಮ ಕಾಫಿ ಹಿಡಿದು ನಿಂತಿದ್ದರು, ಅವರ ಮುಖದಲ್ಲಿ ನಗು ಇತ್ತು. ಆ ಮಧ್ಯಾಹ್ನ ಎರಡು ಗೊರಕೆ ಕೇಳಿಬಂದವಂತೆ, ಒಂದು ಲಾರಿಯ ಕೆಳಗಿನಿಂದ, ಇನ್ನೊಂದು ಜಗಲಿಯಿಂದ. ಎರಡನೆಯದು ಮೊದಲೇ ಶುರುವಾಗಿ ಜೋರಾಗಿಯೂ ಇತ್ತಂತೆ. ಗೌರಮ್ಮ ಎರಡನ್ನೂ ತಮ್ಮ ಅಡಿಗೆಯ ಹೆಸರಿಗೇ ಬರೆದುಕೊಂಡಿದ್ದರು. ನೆಟ್ಟಗೆ ಕೂತು, ಮಗ್ಗುಲಿಲ್ಲದೆ, ವೇಳೆ ಮೀರಿ ನಿದ್ರಿಸಿದ್ದು ಜೀವಮಾನದಲ್ಲಿ ಅದೇ ಮೊದಲು.

ಸಂಜೆ ಪಾರ್ವತಿಯ ಪೆಟ್ಟಿಗೆ ಲಾರಿ ಹತ್ತಿತು. ಹಾಸಿಗೆಯನ್ನು ಗೌರಮ್ಮ ತಾವೇ ಕೊಡವಿ, ಅದರ ಮೇಲೆ ಬಿದ್ದ ಎರಡು ತೊಟ್ಟು ಎಣ್ಣೆಯ ಕಲೆಯನ್ನು ಉಗುರಿನಿಂದ ಕೆರೆದು ನೋಡಿ, ಆಮೇಲೆ ಮಡಚಿ ಕೊಟ್ಟರು. ಚೌಡಪ್ಪನ ಮನೆಯ ಅಟ್ಟ ಕೂತರೆ ತಲೆ ತಾಗುವಷ್ಟು ತಗ್ಗಾದದ್ದರಿಂದ, ಅದರ ಕೆಳಗೆ ಅದೇ ಹಾಸಿಗೆಯ ಮೇಲೆ ಅವನು ಮುಂದೆ ಸುಖವಾಗಿ ಮಲಗಿದನೆಂದು ಕೇಳಿದೆ. ಮರುದಿನ ನಾನು ರಿಜಿಸ್ಟರಿನಲ್ಲಿ ಮಂಚದ ನಂಬರೆಂಬ ಕಾಲಮ್ಮಿನ ತಲೆಬರಹವನ್ನು ಹೊಡೆದುಹಾಕಿ, ‘ಮಲಗಿದ ಜಾಗ’ ಎಂದು ತಿದ್ದಿದೆ. ‘ಮಾವನ ಮನೆಯ ಮುಂದೆ, ಲಾರಿಯ ಕೆಳಗೆ, ಹೆಂಡತಿಯ ಕಾವಲಿನಲ್ಲಿ’ ಎಂದು ಬರೆದೆ. ಕಾಲಂ ಸಾಲದೆ ಅಕ್ಷರಗಳು ರುಜುವಿನ ಜಾಗಕ್ಕೂ ಹರಿದವು. ನನ್ನ ಅಕ್ಷರ ಅಷ್ಟು ಅಂಕುಡೊಂಕಾಗಿ ಬಿದ್ದ ಪುಟ ಅದೊಂದೇ.

ಇಷ್ಟೆಲ್ಲ ನೆನಪಾದ ಮೇಲೂ ಮಂಚ ಮೂರಡಿ ಈಚೆಗೇ ಇತ್ತು. ನಿನ್ನೆ ಮಧ್ಯಾಹ್ನ ಒಂದು ಹತ್ತಕ್ಕೆ, ಮನೆಯಲ್ಲಿ ಯಾರೂ ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಒಂದು ಚಾಪೆ ಹಿಡಿದು ಆ ಮೂಲೆಗೆ ಹೋದೆ. ಮಂಡಿ ಊರಿ, ಸೊಂಟವನ್ನು ಸಮಾಧಾನಪಡಿಸಿ, ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ತೂರಿದೆ. ನನ್ನ ಹಳೆಯ ಗೋಡೆ, ಅದೇ ಕಿಟಕಿಯ ಗಾಳಿ. ಮೂಗಿನ ಮೇಲೆ ಹಲಗೆ.

ನಮ್ಮ ಮನೆಯಲ್ಲಿ ಈಗ ನಲ್ಲಿ ನೀರು. ಬಾವಿಯೂ ಇಲ್ಲ, ಪಾತಾಳಗರಡಿಯೂ ಇಲ್ಲ. ಆದ್ದರಿಂದ ನನ್ನ ಹೆಂಡತಿ ನನ್ನನ್ನು ಹುಡುಕಲು ಹೆಚ್ಚು ದೂರ ಹೋಗಲಿಲ್ಲ. ಮಂಚ ಖಾಲಿಯಿರುವುದನ್ನು ಕಂಡು, ಕತ್ತರಿ ಕೈಯಲ್ಲಿ ಹಿಡಿದೇ ಬಗ್ಗಿ ನೋಡಿದಳು. ಮಂಚದ ಮೇಲಿನ ನನ್ನ ಹಾಸಿಗೆಯನ್ನು ಸುರುಳಿ ಸುತ್ತಿ ತಂದು ಮೇಜಿನ ಕೆಳಕ್ಕೆ ನೂಕಿದಳು.

“ಮೇಲೆ ಕತ್ತರಿ ಸದ್ದು ಮಾಡ್ತೀನಿ, ಅಡ್ಡಿಯಿಲ್ವಾ?” ಎಂದಳು.

ಅಡ್ಡಿಯಿಲ್ಲವೆಂದೆ. ಅವಳು ನನ್ನ ತಲೆಯ ಮೇಲಿನ ಮೇಜಿನಲ್ಲಿ ರವಿಕೆ ಬಟ್ಟೆ ಹಾಸಿ ಕತ್ತರಿಸತೊಡಗಿದಳು. ನಾನು ಹೊರಳಿ ಮಲಗಿದೆ. ಯಾವ ಮಗ್ಗುಲಿಗೆ ಎಂಬುದನ್ನು ಗಮನಿಸಲು ಮರೆತದ್ದು ಎರಡೂವರೆ ಗಂಟೆಗೆ ಎಚ್ಚರವಾದಾಗ ನೆನಪಾಯಿತು.